ಸೊನ್ನೆಯ ದಿನ

ಕಷ್ಟವನ್ನು ಅಳೆಯಲು ಬಂದರೆ ಅದನ್ನು ಸಮನಾಗಿ ಹಂಚಲೂ ಬರುತ್ತದೆ ಎಂದು ನೀಲಾಂಬಿಕಾ ಅಂಗಡಿ ನಂಬಿದ್ದಳು. ಮಲಪ್ರಭಾ ತೀರ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಈ ನಂಬಿಕೆ ಬಂದದ್ದು ವೇಳಾಪಟ್ಟಿಯ ಜಗಳಗಳನ್ನು ನೋಡಿ ನೋಡಿ.

ಮೊದಲೆಲ್ಲ ವೇಳಾಪಟ್ಟಿ ತಯಾರಾಗುತ್ತಿದ್ದದ್ದು ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ, ಚಹಾದ ಜೊತೆಗೆ. ಬೇಕಾದವರಿಗೆ ಬೆಳಗಿನ ತಂಪು ಹೊತ್ತು, ಗಾಳಿಯಾಡುವ ಕೋಣೆ, ಶನಿವಾರ ಬಿಡುವು. ಬೇಡವಾದವರಿಗೆ, ಅತಿಥಿ ಉಪನ್ಯಾಸಕರಿಗೆ, ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಬಿಸಿಲು, ಕೊನೆಯ ತಾಸು, ತಗಡಿನ ಶೆಡ್ಡು. ಕೇಳಿದರೆ ಯಾರಾದರೂ ಮಾಡಲೇಬೇಕಲ್ಲ ಎಂಬ ಉತ್ತರ. ಆ ಉತ್ತರ ಸುಳ್ಳೂ ಆಗಿರಲಿಲ್ಲ. ವಿದ್ಯಾರ್ಥಿಗಳಿಗೆ ಸಾಕಾಗುವಷ್ಟು ಕೋಣೆಗಳಿರಲಿಲ್ಲ; ಹೊಸ ಕಟ್ಟಡ ಕಂಬಗಳ ಮಟ್ಟಕ್ಕೆ ಬಂದು ನಿಂತುಹೋಗಿತ್ತು. ಸೈಕಲ್ ನಿಲ್ಲಿಸುತ್ತಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಅದನ್ನೇ ಇಡೀ ಆವರಣದ ಅತಿ ದೊಡ್ಡ ತರಗತಿಯನ್ನಾಗಿ ಮಾಡಿದ್ದರು. ಅದರ ಹಿಂಗೋಡೆಗೆ ಹತ್ತಿಕೊಂಡೇ ಗ್ರಾನೈಟ್ ಕೊಯ್ಯುವ ಘಟಕವಿತ್ತು. ಗರಗಸ ಕಲ್ಲಿಗೆ ತಾಗಿದಾಗ ಶೆಡ್ಡಿನ ತಗಡೆಲ್ಲ ಒಟ್ಟಿಗೆ ನಡುಗುತ್ತಿತ್ತು.

ಒಂದಲ್ಲ ಒಂದು ತರಗತಿ ಅಲ್ಲಿ ನಡೆಯಲೇಬೇಕು. ಯಾರದು ಎಂಬುದೇ ಪ್ರಶ್ನೆ.

ನೀಲಾಂಬಿಕಾ ತಯಾರಿಸಿದ ಹೊರೆಮಾಪಕ ಈ ಪ್ರಶ್ನೆಗೆ ಉತ್ತರವಾಗಿ ಬಂತು. ಗ್ರಂಥಾಲಯದ ಕೆಳಮಹಡಿಯಲ್ಲಿ, ಹಳೆಯ ಎಸ್.ಟಿ.ಡಿ. ಬೂತಿನಷ್ಟು ಅಗಲದ ಗಾಜಿನ ಗೂಡು. ಎಲ್ಲರೂ ಅದನ್ನು ಪೆಟ್ಟಿಗೆ ಎಂದೇ ಕರೆದರು. ಪ್ರತಿ ಅಧ್ಯಾಪಕನೂ ವಾರಕ್ಕೊಮ್ಮೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ತನ್ನ ವಾರದ ಪಾಠಗಳ ಬಗ್ಗೆ ಒಂದು ನಿಮಿಷ ಮಾತಾಡಬೇಕು. ಏನು ಮಾತಾಡಿದರೂ ಸರಿಯೆ. ಯಂತ್ರ ಮಾತನ್ನು ಕೇಳುತ್ತಿರಲಿಲ್ಲ, ಧ್ವನಿಯನ್ನು ಕೇಳುತ್ತಿತ್ತು. ಮನುಷ್ಯ ಒತ್ತಡದಲ್ಲಿದ್ದಾಗ ಗಂಟಲಿನ ಧ್ವನಿತಂತುಗಳು ಒಂದೇ ಸಮ ಕಂಪಿಸುವುದಿಲ್ಲ. ಕಿವಿಗೆ ತಿಳಿಯದಷ್ಟು ಸಣ್ಣ ಏರುಪೇರು ಅದರಲ್ಲಿರುತ್ತದೆ. ನಗುತ್ತ ಮಾತಾಡಿದರೂ, ಬೈಯುತ್ತ ಮಾತಾಡಿದರೂ ಅದು ಮುಚ್ಚಿಹೋಗದು. ನೆಗಡಿ, ಗಂಟಲುಬೇನೆಗಳಿಂದ ಬರುವ ಒರಟುತನವನ್ನು ಬೇರ್ಪಡಿಸಿ ಕಳೆಯುವ ಉಪಾಯವನ್ನೂ ಅವಳು ಅದರಲ್ಲಿ ಸೇರಿಸಿದ್ದಳು. ಇಲ್ಲದಿದ್ದರೆ ಶೀತವಾದವರಿಗೆಲ್ಲ ಒಳ್ಳೆಯ ವೇಳಾಪಟ್ಟಿ ಸಿಕ್ಕಿಬಿಡುತ್ತಿತ್ತು.

ಒಬ್ಬೊಬ್ಬರ ಧ್ವನಿ ಒಂದೊಂದು ತರಹ. ಆದ್ದರಿಂದ ಮೊದಲು ಪ್ರತಿಯೊಬ್ಬರ ಸೊನ್ನೆಯನ್ನು ಗೊತ್ತುಮಾಡಬೇಕಾಗಿತ್ತು. ಎಣ್ಣೆ ತೂಗುವ ಮುನ್ನ ಅಂಗಡಿಯವನು ಖಾಲಿ ಪಾತ್ರೆಯನ್ನಿಟ್ಟು ತಕ್ಕಡಿಯನ್ನು ಸೊನ್ನೆಗೆ ತರುತ್ತಾನಲ್ಲ, ಹಾಗೆ. ಅದಕ್ಕಾಗಿ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಫಲಕ ಹಾಕಿದ್ದರು: ನೆಮ್ಮದಿಯಿಂದಿರುವ ದಿನ ಬಂದು ನಿಮ್ಮ ಸೊನ್ನೆಯನ್ನು ದಾಖಲಿಸಿ. ಅಲ್ಲಿಂದ ಮುಂದೆ ಧ್ವನಿಯ ಏರುಪೇರು ಸೊನ್ನೆಗಿಂತ ಎಷ್ಟು ಹೆಚ್ಚೋ ಅದೇ ಆ ಮನುಷ್ಯನ ಹೊರೆ. ವೇಳಾಪಟ್ಟಿ ಮಾಡುವ ಗಣಕಕ್ಕೆ ಕೊಟ್ಟ ಆಜ್ಞೆ ಒಂದೇ ಒಂದು. ಎಲ್ಲರಿಗಿಂತ ಹೆಚ್ಚು ಹೊರೆ ಹೊತ್ತವನ ಹೊರೆಯನ್ನು ಆದಷ್ಟು ಇಳಿಸು.

ಅದು ಕೆಲಸ ಮಾಡಿತು. ಹಾಲುಣಿಸುವ ಕೂಸಿದ್ದ ಅತಿಥಿ ಉಪನ್ಯಾಸಕಿಗೆ, ಅವಳು ಬಾಯಿಬಿಟ್ಟು ಕೇಳದೆಯೇ, ಕೊನೆಯ ತಾಸು ತಪ್ಪಿತು. ಶನಿವಾರ ಊರಿಗೆ ಹೋಗಿಬಿಡುತ್ತಿದ್ದ ಮುಖ್ಯಸ್ಥರೊಬ್ಬರಿಗೆ ಶನಿವಾರ ಸಂಜೆ ಪಾಠ ಬಂತು. ಅವರು ಕೂಗಾಡಿದರು. ಅವರ ಕೂಗಾಟದಲ್ಲಿ ಹೊರೆ ಬಹಳ ಕಡಿಮೆ ಇದೆಯೆಂದು ಪೆಟ್ಟಿಗೆ ತೋರಿಸಿತು. ಕ್ಯಾಂಟೀನಿನಲ್ಲಿ ಅದೊಂದು ನಗೆಯ ಮಾತಾಗಿ ಉಳಿಯಿತು.

ಎರಡು ವರ್ಷ ಹೀಗೆ ನಡೆದ ಮೇಲೆ, ಬೇಸಿಗೆಯ ಸೆಮಿಸ್ಟರಿನ ವೇಳಾಪಟ್ಟಿ ಹೊರಬಂದ ದಿನ, ನಿಯಂತ್ರಣ ಕೊಠಡಿಯಲ್ಲಿ ಗಣಕ ನೋಡಿಕೊಳ್ಳುತ್ತಿದ್ದ ಸುಧಾ ಪತ್ತಾರ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನೀಲಾಂಬಿಕಾಳನ್ನು ಕರೆದಳು.

"ಮೇಡಂ, ಇದನ್ನೊಂಚೂರು ನೋಡ್ರಿ. ಅಂಗಡಿ ಸರದು ಎಲ್ಲಾ ತಾಸೂ ಶೆಡ್ಡಿನ್ಯಾಗ ಬಂದಾವ."

ಅಂಗಡಿ ಸರ ಎಂದರೆ ಇತಿಹಾಸ ವಿಭಾಗದ ಚನ್ನವೀರ ಅಂಗಡಿ, ನೀಲಾಂಬಿಕಾಳ ಗಂಡ.

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ. ಹೋದ ಸಲ ಅರ್ಧ ಇದ್ವು, ಈ ಸಲ ಪೂರ್ತಿ. ನಾ ಎರಡ ಸಲ ಓಡ್ಸಿ ನೋಡೀನಿ, ಲೆಕ್ಕ ಸರಿ ಐತಿ." ಸುಧಾ ಪರದೆಯ ಮೇಲಿನ ನೀಲಿ ಗೆರೆಯನ್ನು ಬೆರಳಿನಿಂದ ತೋರಿಸಿದಳು. "ಸರದು ಯಾವಾಗ್ಲೂ ಸೊನ್ನಿಗಿಂತ ಕೆಳಗ. ಉಳಿದವ್ರೆಲ್ಲಾ ಒಂದ ವಾರ ಇಳೀತಾರ, ಒಂದ ವಾರ ಏರ್ತಾರ. ಇಂಥಾ ಮನಷಾ ಇಡೀ ಯುನಿವರ್ಸಿಟಿಯೊಳಗ ಇನ್ನೊಬ್ರಿಲ್ಲ ನೋಡ್ರಿ. ಮನ್ಯಾಗ ಏನ್ ಉಣ್ಣಾಕ ಹಾಕ್ತೀರಿ?"

"ರೊಟ್ಟಿ, ಪಲ್ಯಾ. ನೀವು ಹಾಕೂದ."

"ಹಂಗಾರ ನಮ್ಮ ಮನ್ಯಾಗಿನವ್ರಿಗೆ ಏನಾಗೈತೋ."

ನೀಲಾಂಬಿಕಾ ನಕ್ಕಳು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಯಂತ್ರ ಮಾಡಿದವಳ ಗಂಡನಿಗೇ ಶೆಡ್ಡು ಬಂದಿದೆಯೆಂದರೆ ಇನ್ನು ಯಾರೂ ತುಟಿ ಪಿಟ್ಟೆನ್ನುವಂತಿಲ್ಲ.

ಅವಳು ಮನೆಗೆ ಬಂದಾಗ ಚನ್ನವೀರ ಚಹಾಕ್ಕೆ ನೀರಿಟ್ಟಿದ್ದ.

"ಶೆಡ್ಡಂತಲ್ಲ ನನಗ," ಎಂದ.

"ಯಾರ ಹೇಳಿದ್ರು?"

"ನದಾಫ. ಫೋನ್ ಮಾಡಿ ಅಭಿನಂದನಾ ಹೇಳಿದ. ಗ್ರಾನೈಟ್ ಕೊಯ್ಯಾವ್ರೂ ಚಾಲುಕ್ಯರ ಇತಿಹಾಸ ಕೇಳಿ ಉದ್ಧಾರ ಆಗ್ಲಿ ಬಿಡ್ರಿ ಅಂದ."

ವಾಣಿಜ್ಯ ವಿಭಾಗದ ಅಬ್ದುಲ್ ರಝಾಕ್ ನದಾಫ ಅವನ ಹಳೆಯ ಗೆಳೆಯ. ಯಾರನ್ನೂ ಕಾಲೆಳೆಯದೆ ಬಿಟ್ಟವನಲ್ಲ.

"ನಿಮಗ ಕಷ್ಟ ಆಗಂಗಿಲ್ಲೇನ್ರಿ?"

"ಅಲ್ಲಿ ಹುಡುಗ್ರು ಹೆಚ್ಚ ಕುಂದ್ರತಾವ. ನಡೀತೈತಿ ಬಿಡು." ಅವನು ಗಂಟಲು ಸರಿಪಡಿಸಿಕೊಂಡು ಎರಡು ಕಪ್ಪಿಗೆ ಚಹಾ ಸೋಸಿದ. ಗಂಟಲು ಸರಿಪಡಿಸಿಕೊಳ್ಳುವುದು ಅವನ ರೂಢಿಯಾಗಿ ಬಹಳ ದಿನಗಳಾಗಿದ್ದವು. ನೀಲಾಂಬಿಕಾ ಅದನ್ನು ಗಡಿಯಾರದ ಸದ್ದಿನಂತೆ ಕೇಳಿಯೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು. ಚನ್ನವೀರ ಸಂಜೆ ಬಂದವನೇ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸತೊಡಗಿದ. ಮಾತು ಕಡಿಮೆಯಾಯಿತು. ಫೋನಿನಲ್ಲಿ ಅವನ ಧ್ವನಿ ಕೇಳಿದವರು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು. ಧೂಳಿಗೆ ಹೀಗಾಗಿದೆ ಎಂದ. ಅವಳೂ ಧೂಳೇ ಎಂದುಕೊಂಡಳು.

ಒಂದು ಮಧ್ಯಾಹ್ನ ಬಿಡುವಿನಲ್ಲಿ ಅವಳು ಶೆಡ್ಡಿನ ಕಡೆ ನಡೆದಳು. ವೇಳಾಪಟ್ಟಿಯಲ್ಲಿ ಆ ಕೋಣೆಯ ಹೆಸರನ್ನು ಎಷ್ಟು ಸಲ ನೋಡಿದ್ದರೂ ಪಾಠ ನಡೆಯುವಾಗ ಒಳಗೆ ಇಣುಕಿದ್ದು ಅದೇ ಮೊದಲು. ಮೈಕು ಇತ್ತು, ಆದರೆ ತಗಡಿನ ಕೆಳಗೆ ಅದು ಮದುವೆ ಚಪ್ಪರದ ಮೈಕಿನಂತೆ ಗುಂಯ್‌ಗುಟ್ಟಿ ಒಂದಕ್ಷರವೂ ತಿಳಿಯುತ್ತಿರಲಿಲ್ಲವಾದ್ದರಿಂದ ಚನ್ನವೀರ ಅದನ್ನು ಬದಿಗಿಟ್ಟು ಬರಿಗಂಟಲಿನಲ್ಲಿ ಪಾಠ ಮಾಡುತ್ತಿದ್ದ. ಕೆರೆಯೊಂದಕ್ಕೆ ದತ್ತಿ ಬಿಟ್ಟ ಶಾಸನದ ಪಾಠ. ಗರಗಸ ನಿಂತಾಗ ಒಂದು ವಾಕ್ಯ ಹೇಳುವನು. ಗರಗಸ ಶುರುವಾದರೆ ಕೊರಳ ನರ ಉಬ್ಬಿಸಿ ಅದನ್ನೇ ಮತ್ತೆ ಕೂಗಿ ಹೇಳುವನು. ಮುಂದಿನ ಬೆಂಚಿನ ಹುಡುಗಿಯರು ಅವನ ತುಟಿ ನೋಡಿ ವಾಕ್ಯ ಹಿಡಿದು ಹಿಂದಿನ ಬೆಂಚಿಗೆ ಹೇಳುತ್ತಿದ್ದರು. ಅವರು ಅದರ ಹಿಂದಿನವರಿಗೆ. ಕೊನೆಯ ಬೆಂಚು ಮುಟ್ಟುವ ಹೊತ್ತಿಗೆ ಶಾಸನದ ಕೆರೆ ಯಾವ ಊರಿನದಾಗಿರುತ್ತಿತ್ತೋ. ಆದರೆ ಹುಡುಗರು ಯಾರೂ ಎದ್ದು ಹೋಗಿರಲಿಲ್ಲ. ರಾಜನ ಮಾತು ಬಂದಾಗ ಚನ್ನವೀರ ಎಂದಿನಂತೆ ದನಿ ದಪ್ಪ ಮಾಡಲು ಹೋದ. ಬಾಯಿ ತೆರೆಯಿತು, ಸದ್ದು ಹೊರಡಲಿಲ್ಲ. ಅವನು ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದ.

ಅಂದು ಸಂಜೆ ಅವಳು ಬಿಡಲಿಲ್ಲ. ಅವನು ತಡೆತಡೆದು ಹೇಳಿದ. ಧ್ವನಿತಂತಿನ ಮೇಲೆ ಗಂಟು ಬೆಳೆದಿದೆ. ಕ್ಯಾನ್ಸರಿನ ಗಂಟು ಅಲ್ಲ. ಆದರೆ ಕೂಗಬಾರದು, ಸಣ್ಣ ಕೋಣೆಯಲ್ಲಿ ಮೆಲ್ಲಗೆ ಪಾಠ ಮಾಡಬೇಕು, ಇಲ್ಲದಿದ್ದರೆ ಧ್ವನಿ ಹೋಗುತ್ತದೆ, ಹೋದರೆ ಬರುವುದು ಕಷ್ಟ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು.

"ಯಾವಾಗ ಹೇಳಿದ್ರು?"

"ಆತು ಎರಡ ವರ್ಷ. ನೀ ಪೆಟ್ಟಿಗಿ ಚಾಲೂ ಮಾಡಿದಾಗ."

"ಚಾಲೂ ಮಾಡಿದ ವಾರ?"

"ಸೊನ್ನಿ ಕೊಟ್ನೆಲ್ಲಾ, ಅವತ್ತ. ಹುಬ್ಬಳ್ಳಿ ಬಸ್ ಇಳದಿದ್ದೆ, ನಿನ್ನ ಫೋನ್ ಬಂತು."

ನೀಲಾಂಬಿಕಾಳಿಗೆ ಆ ದಿನ ನೆನಪಾಯಿತು. ಮರುದಿನ ಬೆಳಿಗ್ಗೆ ಉದ್ಘಾಟನೆಯಿತ್ತು. ಎಲ್ಲರ ಸೊನ್ನೆಗಳೂ ದಾಖಲಾಗಿ ಅವನದೊಂದೇ ಬಾಕಿ ಉಳಿದಿತ್ತು. ಪಟ್ಟಿ ಪೂರ್ಣವಾಗದೆ ಗಣಕ ಮುಂದೆ ಸಾಗುತ್ತಿರಲಿಲ್ಲ. ನೀವೊಬ್ಬರೇ ಉಳಿದಿದ್ದೀರಿ, ಒಂದು ನಿಮಿಷದ ಕೆಲಸ, ಬಂದು ಹೋಗಿ ಎಂದು ಅವಳೇ ಕರೆದಿದ್ದಳು. ಅವನು ಹೆಗಲ ಚೀಲದ ಸಮೇತ ಬಂದಿದ್ದ. ಮುಖ ಯಾಕೆ ಹೀಗಿದೆ ಎಂದು ಕೇಳಿದ್ದಕ್ಕೆ ಬಸ್ಸಿನಲ್ಲಿ ನಿಂತು ಬಂದೆ ಎಂದಿದ್ದ.

"ಬೋರ್ಡ್ ಓದ್ಲಿಲ್ಲೇನ್ರಿ? ನೆಮ್ಮದಿಯಿಂದ ಇದ್ದ ದಿನ ಬರ್ರಿ ಅಂತ ಇಷ್ಟ ದಪ್ಪ ಅಕ್ಷರದಾಗ ಬರ್ಸಿದ್ದೆ."

"ಓದಿದೆ. ನೀ ಕಾಯಾಕತ್ತಿದ್ದಿ."

"ನಾಳೆ ಬರ್ತೀನಿ ಅನಬೇಕಿತ್ತು."

"ನಾಳಿ ಉದ್ಘಾಟನಾ ಇತ್ತಲ್ಲ ನಿಂದು. ಆಮ್ಯಾಲ ಹೇಳೂಣು ಅಂದ್ರ, ಹೇಣ್ತಿ ಮಾಡಿದ ಮಷಿನ್, ಗಂಡನ ಗಂಟಲು ಅಂತಾರ ಮಂದಿ. ಅದೂ ಬ್ಯಾಡ ಅನಿಸ್ತು."

ತಕ್ಕಡಿಯಲ್ಲಿ ಕಲ್ಲಿಟ್ಟುಕೊಂಡೇ ಸೊನ್ನೆ ಮಾಡಿದಂತಾಗಿತ್ತು. ತನ್ನ ಧ್ವನಿ ಹೋಗಲಿದೆ ಎಂದು ತಿಳಿದ ಗಳಿಗೆಯ ಮನುಷ್ಯನನ್ನು ಯಂತ್ರ ನೆಮ್ಮದಿಯ ಮನುಷ್ಯ ಎಂದು ಬರೆದುಕೊಂಡಿತ್ತು. ಅದಕ್ಕಿಂತ ಕಡಿಮೆ ದುಃಖದ ಪ್ರತಿ ದಿನವನ್ನೂ ಸಂತೋಷವೆಂದು ಎಣಿಸಿತ್ತು. ಸಂತೋಷದಿಂದಿರುವವನಿಗೆ ಇನ್ನಷ್ಟು ಶೆಡ್ಡು, ಶೆಡ್ಡಿನಿಂದ ಗಂಟಲಿಗೆ ಇನ್ನಷ್ಟು ನೋವು. ಆದರೂ ಆ ಮೊದಲ ದಿನದ ಎತ್ತರವನ್ನು ಯಾವ ನೋವೂ ಮುಟ್ಟಿರಲಿಲ್ಲ. ಗಂಟಿನ ಒರಟುತನವನ್ನು ನೆಗಡಿಯೊಡನೆ ಸೇರಿಸಿ ಯಂತ್ರ ಕಳೆದುಬಿಟ್ಟಿತ್ತು.

ಮರುದಿನ ಅವಳೂ ಸುಧಾಳೂ ಸೊನ್ನೆಯನ್ನು ತೆಗೆದು ಬರಿಯ ಧ್ವನಿಯ ಗೆರೆಗಳನ್ನಷ್ಟೇ ಪರದೆಯ ಮೇಲೆ ತಂದರು. ಚನ್ನವೀರನ ಗೆರೆ ಹತ್ತಿರಹತ್ತಿರ ಎಲ್ಲರಿಗಿಂತ ಮೇಲಿತ್ತು.

ಸುಧಾ ಆ ಗೆರೆಯ ಮೇಲೆ ಬೆರಳಿಟ್ಟು, "ನಾ ಸುಮ್ನ ಚೇಷ್ಟಿ ಮಾಡಿದೆ ನೋಡ್ರಿ ಅವತ್ತ," ಎಂದಳು. "ಸೊನ್ನಿ ಸರಿಸಿಬಿಡ್ರಿ ಮೇಡಂ. ನಿಮ್ಮ ಕೈಯಾಗ ಐತಿ."

"ನನ್ನ ಕೈಯಾಗ ಇರಬಾರದು ಅಂತನ ಅಲ್ಲೇನ ಅಷ್ಟೆಲ್ಲಾ ಬೀಗ ಹಾಕಿದ್ದು."

ಸೊನ್ನೆಯನ್ನು ಒಬ್ಬರೇ ಸರಿಸಲು ಬರುತ್ತಿರಲಿಲ್ಲ. ಕುಲಸಚಿವರ ಕೀಲಿಯೂ ಬೇಕಿತ್ತು. ಕುಲಸಚಿವ ಮಳಗಿ ಒಳ್ಳೆಯ ಮನುಷ್ಯ. ಅವಳನ್ನು ಕೂರಿಸಿ, ಫ್ಯಾನು ಜೋರು ಮಾಡಿ, ಎಲ್ಲವನ್ನೂ ಕೇಳಿದರು.

"ಸೊನ್ನಿ ಒಂದ ಸಲ ಇಟ್ಟಿದ್ದು ಮತ್ತ ಸರಿಸೂದಿಲ್ಲ ಅಂತ ನಿಯಮಾ ಬರದವ್ರು ಯಾರು, ಮೇಡಂ?"

"ನಾನ."

"ಯಾಕ ಬರದ್ರಿ?"

ಉತ್ತರ ಅವರಿಗೂ ಗೊತ್ತಿತ್ತು. ಪೆಟ್ಟಿಗೆ ಬಂದ ಮೊದಲ ತಿಂಗಳು ಅರ್ಧಕ್ಕರ್ಧ ಅಧ್ಯಾಪಕರು ತಮ್ಮ ಸೊನ್ನೆ ತಪ್ಪು ದಿನದ್ದು ಎಂದು ಅರ್ಜಿ ಹಿಡಿದು ಬಂದಿದ್ದರು. ಒಬ್ಬರಿಗೆ ಅಂದು ಹಲ್ಲುನೋವು, ಒಬ್ಬರ ಮನೆಯಲ್ಲಿ ಅತ್ತೆ ಸೊಸೆ ಜಗಳ, ಇನ್ನೊಬ್ಬರಿಗೆ ಕೆಟ್ಟ ಕನಸು. ಒಬ್ಬನೇ ಡಾಕ್ಟರ ಸಹಿಯಿದ್ದ ಪ್ರಮಾಣಪತ್ರಗಳು ಕಂತೆಯಾಗಿ ಬಿದ್ದಿದ್ದವು. ಪೆಟ್ಟಿಗೆ ಬರುವ ಮುಂಚೆ ಒಳ್ಳೆಯ ತಾಸು ಕೇಳಿ ತರುತ್ತಿದ್ದ ಪತ್ರಗಳಲ್ಲೂ ಅದೇ ಡಾಕ್ಟರ ಸಹಿ. ವೇಳಾಪಟ್ಟಿಗೆ ವೈದ್ಯರ ಪತ್ರ ನಡೆಯುವುದಿಲ್ಲ, ಸೊನ್ನೆ ಸರಿಯುವುದಿಲ್ಲ ಎಂದು ಅವಳೇ ಹಟಹಿಡಿದು ಬರೆಸಿದ್ದಳು. ಹಾಗೆ ಬರೆಸಿದ್ದರಿಂದಲೇ ಪೆಟ್ಟಿಗೆ ಉಳಿದಿತ್ತು.

"ಖರೇ ಹೇಳಾವ ಒಬ್ಬನ್ನ ಒಳಗ ಬಿಟ್ರ, ಅವ್ರೆಲ್ಲಾ ಬಾಗಲಾಗ ಬಂದು ನಿಂತಾರು," ಎಂದರು ಮಳಗಿ. "ಅದೂ ನಿಮ್ಮ ಯಜಮಾನ್ರು. ನೀವ ವಿಚಾರ ಮಾಡ್ರಿ. ಪರೀಕ್ಷಾ ವಿಭಾಗದಾಗ ಒಂದು ಕುರ್ಚಿ ಖಾಲಿ ಐತಿ. ಅಲ್ಲಿ ಬಂದು ಕುಂದ್ರಲಿ ಅವ್ರು, ನಾ ಇವತ್ತ ಆರ್ಡರ್ ಹಾಕ್ತೀನಿ."

"ಹೋದ ಮ್ಯಾಲ ಮತ್ತ ಪಾಠಕ್ಕ ಬರಾಕ ಆಗತೈತೇನ್ರಿ?"

"ಆಗಂಗಿಲ್ಲ."

ಪಾಠ ಬಿಟ್ಟು ನಾನೇನು ಮಾಡಲಿ ಎಂದು ಚನ್ನವೀರ ಹಿಂದಿನ ಸಂಜೆಯೇ ಹೇಳಿದ್ದ. ಅದಕ್ಕಿಂತ ಹೆಚ್ಚು ಅವನೇನೂ ಕೇಳಿರಲಿಲ್ಲ.

ಉಳಿದದ್ದು ನಿಯಮದಲ್ಲೇ ಇದ್ದ ಒಂದೇ ದಾರಿ: ಬದಲಾವಣೆಯಿಂದ ಯಾರ ಹೊರೆ ಹೆಚ್ಚುತ್ತದೋ ಅವರೆಲ್ಲರೂ ಒಪ್ಪಿದರೆ ಮಾತ್ರ ಅದು ನಡೆಯುತ್ತಿತ್ತು. ಅವನ ಹೊರೆಯನ್ನು ಸರಿಯಾಗಿ ಲೆಕ್ಕ ಹಿಡಿದರೆ ಶೆಡ್ಡಿನ ತಾಸುಗಳು ಒಂಬತ್ತು ಮಂದಿಗೆ ಹಂಚಿಹೋಗುತ್ತವೆಂದು ಗಣಕ ತೋರಿಸಿತು. ಒಬ್ಬೊಬ್ಬರಿಗೆ ವಾರಕ್ಕೆ ಒಂದೋ ಎರಡೋ ತಾಸು. ಆ ಒಂಬತ್ತೂ ಮಂದಿ ಪೆಟ್ಟಿಗೆಯೊಳಗೆ ನಿಂತು ತಮಗೆ ಒಪ್ಪಿಗೆಯಿದೆ ಎಂದು ಹೇಳಿದರೆ ಬದಲಾವಣೆ ಮಾಡಬಹುದಿತ್ತು. ಆ ಒಂಬತ್ತರಲ್ಲಿ ನದಾಫ ಒಬ್ಬ. ನೀಲಾಂಬಿಕಾಳೂ ಒಬ್ಬಳು.

ಚನ್ನವೀರ ಮೂರು ವಾರದ ರಜೆ ಹಾಕಿದ. ಮಾತಾಡಲೇಬಾರದೆಂದು ಡಾಕ್ಟರು ಹೇಳಿದ್ದರೂ ಒಂದು ದಿನ ಕ್ಯಾಂಟೀನಿಗೆ ಬಂದ. ಎಲ್ಲರೂ ಅವನ ಸುತ್ತ ಕುಳಿತರು. ರಾಜ್ಯಶಾಸ್ತ್ರದವರು ಜೇನುತುಪ್ಪ ತಂದಿದ್ದರು. ಇಷ್ಟು ದಿನ ಹೇಳಬಾರದಿತ್ತೇನು ಸರ್ ಎಂದು ಒಬ್ಬೊಬ್ಬರೂ ಬೇಸರಪಟ್ಟುಕೊಂಡರು.

"ವಾರಕ್ಕ ಒಂದ ತಾಸು, ಆ ಕಲ್ಲಿನ ಮಷಿನ್ ಜೊತಿ ನಾ ಒದರಾಡಂಗಿಲ್ಲೇನ್ರಿ ನಿಮ್ಮ ಸಲುವಾಗಿ?" ಎಂದ ನದಾಫ. "ಮನ್ಯಾಗ ಇಪ್ಪತ್ತ ವರ್ಷದಿಂದ ರೂಢಿ ಐತಿ ನನಗ. ಇಲ್ಲೆ ಕಲ್ಲಾದ್ರೂ ತಿರುಗಿ ಬಯ್ಯಂಗಿಲ್ಲ."

ಚನ್ನವೀರ ಸದ್ದಿಲ್ಲದೆ ನಕ್ಕ. ನಗುವಾಗ ಅವನ ಭುಜ ಮಾತ್ರ ಕುಣಿಯಿತು. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕುಳಿತು ನೀಲಾಂಬಿಕಾಳ ಬೆನ್ನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಬಹಳ ದಿನಗಳಿಂದ ಅವನು ಹಾಗೆ ಮಾಡಿರಲಿಲ್ಲ.

ಒಪ್ಪಿಗೆಯ ದಿನ ಸುಧಾ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟಳು. ಚನ್ನವೀರ ಅಂಗಡಿಯವರ ಸೊನ್ನೆಯನ್ನು ಸರಿಪಡಿಸಲು ನನ್ನ ಒಪ್ಪಿಗೆ ಇದೆ. ಹೇಳಬೇಕಾದದ್ದು ಇಷ್ಟೇ. ರಾಜ್ಯಶಾಸ್ತ್ರದವರು ಹೇಳಿ ಹೊರಬಂದರು. ಪರದೆಯ ಮೇಲೆ ಒಪ್ಪಿಗೆ ಅಸಿಂಧು ಎಂದು ಬಂತು. ಸುಧಾ ನೀಲಾಂಬಿಕಾಳ ಮುಖ ನೋಡಿದಳು. ಎರಡನೆಯವರದೂ ಹಾಗೇ ಬಂತು. ಮೂರನೆಯವರದೂ.

ಅದಕ್ಕೂ ಒಂದು ನಿಯಮವಿತ್ತು. ಮೊದಲ ವರ್ಷ ಒಬ್ಬ ಮುಖ್ಯಸ್ಥರು ಅತಿಥಿ ಉಪನ್ಯಾಸಕರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆಸಿ, ಹೆದರಿಸಿ, ತಮ್ಮ ಕೆಟ್ಟ ತಾಸುಗಳನ್ನು ಅವರ ಮೇಲೆ ಹಾಕಲು ಒಪ್ಪಿಗೆ ಹೇಳಿಸಿಕೊಂಡಿದ್ದರು. ಅದು ಮತ್ತೆ ನಡೆಯಬಾರದೆಂದು ನೀಲಾಂಬಿಕಾ ಒಂದು ಮಿತಿ ಹಾಕಿದ್ದಳು. ಒಪ್ಪಿಗೆ ಹೇಳುವಾಗ ಧ್ವನಿಯ ಹೊರೆ ಆ ಮಿತಿ ದಾಟಿದರೆ ಅದು ಒತ್ತಾಯದ ಒಪ್ಪಿಗೆ, ಲೆಕ್ಕಕ್ಕಿಲ್ಲ. ಎಷ್ಟೋ ಬಡಪಾಯಿಗಳನ್ನು ಆ ಮಿತಿ ಕಾಪಾಡಿತ್ತು.

ನದಾಫ ಒಳಗೆ ಹೋಗಿ ಬಹಳ ಹೊತ್ತು ನಿಂತ. ಗಾಜಿನಾಚೆ ಅವನು ಎರಡು ಸಲ ಬಾಯಿ ತೆರೆದು ಮುಚ್ಚಿದ್ದು ಕಂಡಿತು. ಹೊರಗೆ ಬಂದವನು ಕರ್ಚೀಫಿನಿಂದ ಮುಖ ಒರೆಸಿಕೊಂಡ. ಬೆವರೋ ಏನೋ.

"ಬಂತೇನ್ರಿ ಪತ್ತಾರ ಮೇಡಂ?"

ಸುಧಾ ತಲೆಯಲ್ಲಾಡಿಸಿದಳು.

"ಮತ್ತೊಮ್ಮೆ ಹೇಳ್ತೀನಿ ತಡೀರಿ."

"ಒಂದ ಸಲನ ರೀ ಅವಕಾಶ."

"ನಾ ಖರೇನ ಹೇಳೀನ್ರಿ. ಅಂಗಡಿ ಮೇಡಂ, ನೀವಾದ್ರೂ ಹೇಳ್ರಿ ಇವ್ರಿಗೆ. 'ಇವಂಗ ಮನಸಿಲ್ಲ' ಅಂತ ಬಂದಿದ್ರ ಅದು ಸುಳ್ಳ." ಅವನು ನೀಲಾಂಬಿಕಾಳ ಕಡೆ ತಿರುಗಿ ಇನ್ನೇನೋ ಹೇಳಲು ಹೋಗಿ, ಬಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟ.

ಎಂಟು ಜನರಲ್ಲಿ ಒಬ್ಬಳದು ಮಾತ್ರ ಸಿಂಧುವಾಯಿತು. ಆ ತಿಂಗಳಷ್ಟೇ ಸೇರಿದ್ದ ಭೂಗೋಳದ ಉಪನ್ಯಾಸಕಿ. ಸರಸರನೆ ವಾಕ್ಯ ಒಪ್ಪಿಸಿ, ಇಲ್ಲಿ ಜೆರಾಕ್ಸ್ ಎಲ್ಲಿ ಮಾಡುತ್ತಾರೆ ಎಂದು ಸುಧಾಳನ್ನು ಕೇಳಿಕೊಂಡು ಹೋದಳು.

"ಆಕಿಗೆ ಸರ ಯಾರಂತನ ಗೊತ್ತಿಲ್ರಿ," ಎಂದಳು ಸುಧಾ.

ಕೊನೆಗೆ ನೀಲಾಂಬಿಕಾ ಒಳಗೆ ಹೋದಳು. ತಾನೇ ಮಾಡಿದ ಗೂಡಿನೊಳಗೆ ಅವಳು ಸಾವಿರ ಸಲ ನಿಂತಿದ್ದಳು. ಉಸಿರು ಹಿಡಿದರೆ ಹೊರೆ ಇನ್ನೂ ಹೆಚ್ಚು ತೋರುತ್ತದೆ, ಮನಸ್ಸನ್ನು ಬೇರೆಡೆ ಹರಿಸಿದರೂ ಯಂತ್ರ ಕಂಡುಹಿಡಿಯುತ್ತದೆ ಎಂಬುದು ಅವಳಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಿಲ್ಲ. ವಾಕ್ಯವನ್ನು ಹೇಳಿದಳು. ಧ್ವನಿ ಸ್ಪಷ್ಟವಾಗಿಯೇ ಇತ್ತು. ಹೊರಗೆ ಬಂದಾಗ ಸುಧಾ ಪರದೆಯನ್ನು ಅವಳ ಕಡೆ ತಿರುಗಿಸಲಿಲ್ಲ. ಅವಳೇ ಹೋಗಿ ನೋಡಿದಳು. ಒಂಬತ್ತರಲ್ಲಿ ಅತಿ ಹೆಚ್ಚಿನ ಹೊರೆ ಅವಳದು.

ರಜೆಯ ಕೊನೆಯ ಭಾನುವಾರ ಮಧ್ಯಾಹ್ನ ಚನ್ನವೀರ ಅಡುಗೆಮನೆಯಲ್ಲಿ ಕುಳಿತು ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಒಪ್ಪಿಗೆಗಳು ಏನಾದವೆಂದು ಅವಳು ಎರಡು ದಿನದಿಂದ ಹೇಳದೆ ಇಟ್ಟುಕೊಂಡಿದ್ದಳು. ಅವನೇ ಪಿಸುದನಿಯಲ್ಲಿ ಕೇಳಿದ.

"ಎಷ್ಟ ಮಂದೀದು ಆತು?"

"ಮಾತಾಡಬ್ಯಾಡ್ರಿ ನೀವು."

"ಎಷ್ಟ ಮಂದೀದು?"

"ಒಬ್ರದು."

"ನದಾಫ?"

"ಅಲ್ಲ. ಭೂಗೋಳಕ್ಕ ಹೊಸದಾಗಿ ಬಂದಾಳಲ್ಲ, ಆಕಿ."

"ಆಕಿನ್ನ ನಾ ನೋಡೇ ಇಲ್ಲ," ಎಂದ. ಒಂದು ಬೀಜ ಬಿಡಿಸಿ ಬಟ್ಟಲಿಗೆ ಹಾಕಿದ. ಇನ್ನೊಂದು ಬಿಡಿಸಿದ. ನಂತರ ತಲೆಯೆತ್ತದೆ, "ನಿಂದು?" ಎಂದ.

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ಒಟ್ಟಿಗಿದ್ದವನ ಕಿವಿ ಪೆಟ್ಟಿಗೆಗಿಂತ ಕಡಿಮೆಯದಲ್ಲ ಎಂದು ಅವಳಿಗೆ ಗೊತ್ತಿತ್ತು.

"ನಂದೂ ಆಗ್ಲಿಲ್ಲ."

ಅವನ ಕೈ ನಿಂತಿತು.

"ಒಳಗ ನಿಂತಾಗ ಏನ್ ನೆನಸಿದಿ?"

"ನಿಮ್ಮನ್ನ ನೆನಸಿದೆ. ಚೀಲಾ ಹಾಕ್ಕೊಂಡು ಬಂದು ನಿಂತಿದ್ರೆಲ್ಲಾ, ಅದು." ಅವಳು ಕೆಳಗೆ ಬಿದ್ದ ಬೀಜವೊಂದನ್ನು ಎತ್ತಿ ಬಟ್ಟಲಿಗೆ ಹಾಕಿದಳು. ಅವನು ಕಾಯುತ್ತಿದ್ದ. "ಆಮ್ಯಾಲ ಆ ಗರಗಸದ ಸಪ್ಪಳ ನೆನಪಾತು. ವಾರಕ್ಕ ಎರಡ ತಾಸು ಇನ್ನ ನಾ ಅಲ್ಲಿ ನಿಂದರಬೇಕು ಅಂತ. ಒಂದ ಕ್ಷಣ, ಅಷ್ಟ. ಯಾವುದು ಎಷ್ಟ ತೂಗಿತು ನನಗ ಗೊತ್ತಿಲ್ರಿ."

"ನೀನ ಮಾಡಿದ ಮಷಿನ್."

"ಅದು ಎಲ್ಲಾ ಕೂಡಿಸಿ ತೂಗತೈತಿ. ಯಾವುದರದು ಎಷ್ಟು ಅಂತ ಬ್ಯಾರೆ ಬ್ಯಾರೆ ಹೇಳಾಕ ಬರಂಗಿಲ್ಲ ಅದಕ್ಕ."

ಕರುಣೆಯ ಹೊರೆಯೂ ಮನಸ್ಸಿಲ್ಲದವನ ಹೊರೆಯೂ ಗಂಟಲಿನಲ್ಲಿ ಒಂದೇ ತರಹ ಕಂಪಿಸುತ್ತವೆ ಎಂಬುದು ಅವಳು ತನ್ನ ಪ್ರಬಂಧದ ಕೊನೆಯಲ್ಲಿ ಒಂದು ಸಣ್ಣ ಮಿತಿಯೆಂದು ಬರೆದು ಮುಂದೆ ಸಾಗಿದ್ದ ಸಂಗತಿ. ತನ್ನದು ಕರುಣೆಯ ಹೊರೆಯೇ ಆಗಿತ್ತೆಂದು ನದಾಫನಿಗೆ ಇನ್ನು ಎಂದೂ ರುಜುವಾತು ಮಾಡಲು ಬರುವುದಿಲ್ಲ. ಅವಳಿಗೂ ಬರುವುದಿಲ್ಲ. ಇನ್ನು ಮುಂದೆ ಚನ್ನವೀರ ಆವರಣದಲ್ಲಿ ಯಾರೇ ನಮಸ್ಕಾರ ಎಂದರೂ ಅವರ ಮುಖ ನೋಡಿ ಒಂದು ಗಳಿಗೆ ಲೆಕ್ಕ ಹಾಕುತ್ತಾನೆ. ಮನೆಯಲ್ಲೂ ಹಾಕುತ್ತಾನೆ.

ಚನ್ನವೀರ ಮತ್ತೆ ಬೀಜ ಬಿಡಿಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಹತ್ತಿರ ಸರಿದು ಕುಳಿತಳು.

"ಎಲ್ಲಾರೂ ನನ್ನ ಸಲುವಾಗಿನ ಸಂಕಟಪಟ್ಟಾರ ಅಂತ ತಿಳಕೊಂತೀನಿ," ಎಂದ. "ನೀನೂ."

ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದಿಲ್ಲ. ಬರಿಯ ಗಾಳಿ ಹಾದು ಬರುತ್ತದೆ. ಅವನು ಅದನ್ನು ನಂಬಿ ಹೇಳಿದನೋ, ಅವಳನ್ನು ಸಮಾಧಾನಪಡಿಸಲು ಹೇಳಿದನೋ, ಚುಚ್ಚಲು ಹೇಳಿದನೋ ತಿಳಿಯಲು ಆ ಗಾಳಿಯಲ್ಲಿ ಏನೂ ಇರಲಿಲ್ಲ. ಅವಳು ಅವನ ಮುಖ ನೋಡಿದಳು. ಜನರ ಧ್ವನಿಯನ್ನು ಓದುವುದನ್ನೇ ಕಲಿಯುತ್ತ ಇಷ್ಟು ವರ್ಷ ಕಳೆದವಳಿಗೆ ಮುಖ ಓದಲು ಬರುತ್ತಿರಲಿಲ್ಲ.

"ಹಂಗಂದ್ರ ಏನ್ರಿ?" ಎಂದಳು.

ಅವನು ಕೈ ತೊಳೆದುಕೊಂಡ. ಒಳಗೆ ಹೋಗಿ ನಾಳೆ ಶೆಡ್ಡಿನಲ್ಲಿ ಮಾಡಬೇಕಾದ ಪಾಠದ ಪುಸ್ತಕ ತಂದು, ಹಾಳೆಯೊಂದನ್ನು ತೆಗೆದು, ಹೇಳಬೇಕಾದ ವಾಕ್ಯಗಳನ್ನು ಆದಷ್ಟು ಗಿಡ್ಡ ಮಾಡಿ ಬರೆಯತೊಡಗಿದ.